ಮೆಮೊರಿ ಕಾರ್ಡ್ ಕೊಳ್ಳುವ ಸರಿಯಾದ ಕ್ರಮ: ಲೆಕ್ಕ, ಆಯ್ಕೆ, ಪರೀಕ್ಷೆ

"ಕಾರ್ಡು ಓದುತ್ತಿಲ್ಲ, ಒಳಗಿನ ಫೋಟೊಗಳನ್ನಾದರೂ ತೆಗೆದುಕೊಡಿ" ಎಂದು ಬರುವವರನ್ನು ನಾನು ಮೊದಲು ಕೇಳುವುದು, ಆ ಕಾರ್ಡು ಯಾವುದರೊಳಗಿತ್ತು ಎಂದು. ಫೋನಿನಲ್ಲಿತ್ತು, ಹೊಸ ಫೋನ್ ಬಂದ ಮೇಲೆ ಸುಮ್ಮನೆ ಬಿದ್ದಿತ್ತು, ಗೇಟಿನ ಕ್ಯಾಮೆರಾಕ್ಕೆ ಹಾಕಿದೆವು, ಒಂದು ವರ್ಷ ಓಡಿತು, ಈಗ ನೋಡಿದರೆ ಕಳ್ಳತನವಾದ ರಾತ್ರಿಯ ದೃಶ್ಯವೇ ಇಲ್ಲ. ಕಥೆ ಇಷ್ಟೇ, ಊರು, ಹೆಸರು ಮಾತ್ರ ಬೇರೆ ಬೇರೆ. ಇನ್ನು ಕೆಲವರ ಕಾರ್ಡು ಕೊಂಡ ದಿನವೇ ನಕಲಿಯಾಗಿರುತ್ತದೆ. ಅದು ಗೊತ್ತಾಗುವುದು ಆರು ತಿಂಗಳ ಮೇಲೆ, ಪ್ರವಾಸದ ಚಿತ್ರಗಳ ಕೆಳಗಿನ ಅರ್ಧ ಬೂದಿ ಬಣ್ಣಕ್ಕೆ ತಿರುಗಿದಾಗ.

ಎಡವಟ್ಟಾಗುವುದು ಕ್ರಮದಲ್ಲಿ. ಕಾರ್ಡು ಕೊಂಡು ತಂದ ಮೇಲೆ ಸಾಧನದ ಕೈಪಿಡಿ ತೆರೆಯುವುದೆಂದರೆ ಚಪ್ಪಲಿ ಕೊಂಡ ಮೇಲೆ ಪಾದದ ಅಳತೆ ತೆಗೆದಂತೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಮೊದಲ ನಾಲ್ಕಕ್ಕೆ ಹಣ ಬೇಡ, ಕಾಗದ ಪೆನ್ನು ಸಾಕು. ಆರನೆಯದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

## ಕೈಯಲ್ಲಿ ಇರಬೇಕಾದದ್ದು

ಸಾಧನದ ಕೈಪಿಡಿ, ಕಳೆದುಹೋಗಿದ್ದರೆ ತಯಾರಕರ ಜಾಲತಾಣದಲ್ಲಿರುವ ಪ್ರತಿ. ಒಂದು ಕಂಪ್ಯೂಟರ್. ಯುಎಸ್‌ಬಿ 3.0ರ ಕಾರ್ಡ್ ರೀಡರ್. ಹಳೆಯ ಯುಎಸ್‌ಬಿ 2.0 ರೀಡರಿನಲ್ಲಿ ಎಷ್ಟೇ ವೇಗದ ಕಾರ್ಡನ್ನು ಹಾಕಿದರೂ ಸೆಕೆಂಡಿಗೆ ಮೂವತ್ತು, ನಲವತ್ತು ಎಂಬಿಯ ಆಚೆ ಹೋಗುವುದಿಲ್ಲ. ಆ ರೀಡರಿನಿಂದ ಪರೀಕ್ಷಿಸಿ ಒಳ್ಳೆಯ ಕಾರ್ಡನ್ನು ಬೈದವರಿದ್ದಾರೆ. ವಿಂಡೋಸ್ ಆದರೆ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಅಥವಾ ಮ್ಯಾಕ್ ಆದರೆ ಎಫ್3 ಎಂಬ, ಕಾರ್ಡನ್ನು ಪರೀಕ್ಷಿಸುವ ತಂತ್ರಾಂಶ. ಎರಡೂ ಉಚಿತ. ಜೊತೆಗೆ ಸಣ್ಣ ಮೊನೆಯ ಒಂದು ಮಾರ್ಕರ್ ಪೆನ್ನು. ಅದು ಏಕೆ ಎಂಬುದನ್ನು ಎಂಟನೆಯ ಹಂತದಲ್ಲಿ ಹೇಳುತ್ತೇನೆ.

## ಹಂತ 1: ಮೊದಲು ಸಾಧನವನ್ನು ವಿಚಾರಿಸಿ

ಕೈಪಿಡಿಯಲ್ಲಿ ಹುಡುಕಬೇಕಾದ ಸಂಗತಿಗಳು ಕೆಲವೇ. ಕಾರ್ಡಿನ ಗಾತ್ರ ದೊಡ್ಡ ಎಸ್‌ಡಿಯೋ, ಉಗುರಿನಷ್ಟಿರುವ ಮೈಕ್ರೋ ಎಸ್‌ಡಿಯೋ? ಗರಿಷ್ಠ ಎಷ್ಟು ಜಿಬಿ ಒಪ್ಪುತ್ತದೆ? ಯಾವ ವೇಗದ ದರ್ಜೆ ಬೇಕು ಎಂದು ಬರೆದಿದ್ದಾರೆ?

ಸಾಮರ್ಥ್ಯದ ಕುಲ ಮೂರು ಎಂದು ನೆನಪಿಟ್ಟರೆ ಸದ್ಯಕ್ಕೆ ಸಾಕು. 2 ಜಿಬಿವರೆಗಿನದು ಬರೀ ಎಸ್‌ಡಿ, ಅದರ ಮೇಲೆ 32 ಜಿಬಿವರೆಗೆ ಎಸ್‌ಡಿಎಚ್‌ಸಿ, ಅದರ ಮೇಲೆ 2 ಟಿಬಿವರೆಗೆ ಎಸ್‌ಡಿಎಕ್ಸ್‌ಸಿ. ಎಸ್‌ಡಿಎಚ್‌ಸಿ ಮಾತ್ರ ಗೊತ್ತಿರುವ ಹಳೆಯ ಕ್ಯಾಮೆರಾ, ಕೀಪ್ಯಾಡ್ ಫೋನ್ ಅಥವಾ ಕಾರಿನ ಸ್ಟೀರಿಯೊಗೆ 64 ಜಿಬಿ ಕಾರ್ಡನ್ನು ಹಾಕಿ "ಕಾರ್ಡೇ ಸರಿ ಇಲ್ಲ" ಎಂದು ಹಿಂತಿರುಗಿಸುವುದು ಅತಿ ಸಾಮಾನ್ಯ ತಪ್ಪು. ಕಾರ್ಡು ಸರಿಯಾಗಿಯೇ ಇರುತ್ತದೆ.

ಫೋನ್ ಆದರೆ ಟ್ರೇಯನ್ನು ಹೊರಗೆ ಎಳೆದು ಕಣ್ಣಾರೆ ನೋಡಿ. ಅನೇಕ ಫೋನುಗಳಲ್ಲಿ ಎರಡನೆಯ ಸಿಮ್ ಮತ್ತು ಕಾರ್ಡಿಗೆ ಇರುವುದು ಒಂದೇ ಜಾಗ. ಎರಡೂ ಸಿಮ್ ಬಳಸುವವರಿಗೆ ಕಾರ್ಡಿನ ಯೋಗವಿಲ್ಲ. ಕೆಲವು ಫೋನುಗಳಲ್ಲಿ ಕಾರ್ಡಿನ ಜಾಗವೇ ಇರುವುದಿಲ್ಲ. ನಗಬೇಡಿ, ಕಾರ್ಡು ಕೊಂಡ ಮೇಲೆ ಇದನ್ನು ಕಂಡುಕೊಂಡವರು ನನ್ನ ಮನೆಯಲ್ಲೇ ಇದ್ದಾರೆ.

ಗೇಮ್ ಆಡುವ ಸಾಧನಗಳಲ್ಲಿ ಇನ್ನೊಂದು ತೊಡಕಿದೆ. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2, ಗೇಮ್ ಇರಿಸಿಕೊಳ್ಳಲು ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೊಸ ಬಗೆಯ ಕಾರ್ಡನ್ನಷ್ಟೇ ಒಪ್ಪುತ್ತದೆ. ಹಳೆಯ ಸ್ವಿಚ್‌ನ ಕಾರ್ಡು ಅದರೊಳಗೆ ಸಲೀಸಾಗಿ ಕೂರುತ್ತದೆ, ಆದರೆ ಗೇಮ್ ಹಿಡಿಯುವುದಿಲ್ಲ. ಸ್ಟೀಮ್ ಡೆಕ್‌ಗೆ ಇದರ ಉಲ್ಟಾ: ಅದರ ಕಿಂಡಿ ಯುಎಚ್‌ಎಸ್ ಒಂದು ಎಂಬ ಸಾಮಾನ್ಯ ಬಗೆಯದು (ವಿವರ ಮೂರನೆಯ ಹಂತದಲ್ಲಿ). ಎಕ್ಸ್‌ಪ್ರೆಸ್ ಕಾರ್ಡಿಗೆ ಸುರಿದ ದುಡ್ಡು ಅಲ್ಲಿ ದಂಡ.

## ಹಂತ 2: ಎಷ್ಟು ಬರೆಯುತ್ತದೆ, ಲೆಕ್ಕ ಹಾಕಿ

ಕಾರ್ಡಿನ ವಿಷಯದಲ್ಲಿ ಓದುವ ವೇಗಕ್ಕಿಂತ ಬರೆಯುವ ವೇಗ ಮುಖ್ಯ. ಓದುವುದು ನಿಧಾನವಾದರೆ ನೀವು ಎರಡು ನಿಮಿಷ ಕಾಯುತ್ತೀರಿ. ಬರೆಯುವುದು ನಿಧಾನವಾದರೆ ಕ್ಯಾಮೆರಾ ಕಾಯುವುದಿಲ್ಲ, ನಿಂತೇಬಿಡುತ್ತದೆ.

ನನ್ನ ಗೆಳೆಯರೊಬ್ಬರು ಕುಂದಾಪುರದ ಕಡೆಯ ಒಂದು ಬಯಲಾಟವನ್ನು ಇಡೀ ರಾತ್ರಿ ಚಿತ್ರೀಕರಿಸಲು ಹೋದರು. 4ಕೆ ಗುಣಮಟ್ಟ, 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಸೆಕೆಂಡಿಗೆ 120 ಎಂಬಿ ಎಂದಿತ್ತು. ಪೂರ್ವರಂಗ ಸರಾಗವಾಗಿ ದಾಖಲಾಯಿತು. ಪ್ರಸಂಗ ಏರುತ್ತ ಹೋದಂತೆ ಕ್ಯಾಮೆರಾ ತಾನಾಗಿ ನಿಲ್ಲತೊಡಗಿತು. ಅವರು ಮತ್ತೆ ಗುಂಡಿ ಒತ್ತುವರು, ಇಪ್ಪತ್ತು ನಿಮಿಷಕ್ಕೆ ಮತ್ತೆ ನಿಲ್ಲುವುದು. ಬೆಳಗಿನ ಜಾವ ಚೆಂಡೆಯ ಪೆಟ್ಟು ಜೋರಾಗಿ ಎರಡು ವೇಷಗಳು ಎದುರುಬದುರಾದ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಕಾರ್ಡು ನಿಧಾನವಿದೆ ಎಂಬ ಸೂಚನೆ ಕೂತಿತ್ತು.

ಲೆಕ್ಕ ನೋಡಿ. ಎಂಬಿ ಎಂದರೆ ಮೆಗಾಬೈಟ್, ಎಂಟು ಬಿಟ್ ಸೇರಿ ಒಂದು ಬೈಟ್. ಹಾಗಾಗಿ ವಿಡಿಯೊದ ಎಂಬಿಪಿಎಸ್ ಸಂಖ್ಯೆಯನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಎಂಬಿ ಬರೆಯಬೇಕೆಂದು ಸಿಗುತ್ತದೆ. 100ನ್ನು ಭಾಗಿಸಿದರೆ 12.5. ಅವರ ಕಾರ್ಡಿನ ಮೇಲೆ ವೃತ್ತದೊಳಗೆ 10 ಎಂಬ ಗುರುತು ಮಾತ್ರ ಇತ್ತು. ಅಂದರೆ ಬರೆಯುವಾಗ ಸೆಕೆಂಡಿಗೆ 10 ಎಂಬಿಗಿಂತ ಕೆಳಗೆ ಇಳಿಯುವುದಿಲ್ಲ ಎಂಬ ಭರವಸೆ ಅಷ್ಟೇ. ಆ 120 ಓದುವ ವೇಗ. ಬೇಕಾದದ್ದು 12.5, ಖಾತರಿ ಇದ್ದದ್ದು 10. ಹೊಸ ಕಾರ್ಡು ಹುರುಪಿನಲ್ಲಿ ಸ್ವಲ್ಪ ಹೊತ್ತು ಓಡಿತು, ಆಮೇಲೆ ಕೈಚೆಲ್ಲಿತು.

ಅದೇ ಲೆಕ್ಕದಿಂದ ಸಾಮರ್ಥ್ಯವೂ ಸಿಗುತ್ತದೆ. ಸೆಕೆಂಡಿಗೆ 12.5 ಎಂಬಿ ಎಂದರೆ ಗಂಟೆಗೆ 45 ಜಿಬಿ, ಎಂಟು ಗಂಟೆಯ ಆಟಕ್ಕೆ 360 ಜಿಬಿ. 28 ಎಂಬಿಪಿಎಸ್‌ನ ಫುಲ್ ಎಚ್‌ಡಿಯಲ್ಲಿ ತೆಗೆದರೆ ಗಂಟೆಗೆ 12.6 ಜಿಬಿ, ಇಡೀ ರಾತ್ರಿಗೆ ನೂರು ಜಿಬಿ ಚಿಲ್ಲರೆ. ನಿಮ್ಮ ಕ್ಯಾಮೆರಾದ ಎಂಬಿಪಿಎಸ್ ಎಷ್ಟು ಎಂಬುದು ಅದರ ಸೆಟ್ಟಿಂಗ್ಸ್‌ನಲ್ಲಿ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಸಿಕ್ಕ ಸಂಖ್ಯೆಯನ್ನು ಬರೆದಿಟ್ಟುಕೊಂಡು ಮುಂದಿನ ಹಂತಕ್ಕೆ ಬನ್ನಿ.

128 ಜಿಬಿ ಕಾರ್ಡು ವಿಂಡೋಸ್‌ನಲ್ಲಿ 119 ಎಂದು ತೋರಿಸಿದರೆ ಗಾಬರಿ ಬೇಡ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಮೋಸ ಅದಲ್ಲ.

## ಹಂತ 3: ಪ್ಯಾಕೆಟ್ಟಿನ ಸಣ್ಣ ಗುರುತುಗಳನ್ನು ಓದಿ

ಪ್ಯಾಕೆಟ್ಟಿನ ದೊಡ್ಡ ಅಕ್ಷರ ಮಾರಾಟಕ್ಕೆ, ಸಣ್ಣ ಗುರುತು ಬಳಸುವವರಿಗೆ. ಸಣ್ಣದನ್ನು ಈ ಕ್ರಮದಲ್ಲಿ ನೋಡಿ.

ಮೊದಲು ಇಂಗ್ಲಿಷಿನ ವಿ ಅಕ್ಷರ ಮತ್ತು ಅದರ ಪಕ್ಕದ ಸಂಖ್ಯೆ: 6, 10, 30, 60, 90. ಸತತವಾಗಿ ಬರೆಯುವಾಗ ಸೆಕೆಂಡಿಗೆ ಕನಿಷ್ಠ ಅಷ್ಟು ಎಂಬಿ ಎಂಬ ಭರವಸೆ ಅದು. ವಿ ಇಲ್ಲದಿದ್ದರೆ ಯು ಅಕ್ಷರದ ಬಟ್ಟಲಿನೊಳಗೆ 1 ಅಥವಾ 3 ಇರುತ್ತದೆ; 1 ಎಂದರೆ 10 ಎಂಬಿ, 3 ಎಂದರೆ 30 ಎಂಬಿ. ವೃತ್ತದೊಳಗಿನ 10 ಎಂದರೆ ಅದೇ 10 ಎಂಬಿ. ಹೀಗಾಗಿ ವೃತ್ತದ 10, ಯು1, ವಿ10 ಮೂರೂ ಒಂದೇ ಮಾತು. ಯು3 ಮತ್ತು ವಿ30 ಒಂದೇ ಮಾತು. ಮೂರು ಗುರುತು ಇದ್ದ ಮಾತ್ರಕ್ಕೆ ಮೂರು ಪಟ್ಟು ಒಳ್ಳೆಯದಲ್ಲ.

ಎರಡನೆಯ ಹಂತದಲ್ಲಿ ಸಿಕ್ಕ ಸಂಖ್ಯೆಗಿಂತ ಈ ಭರವಸೆ ಆರಾಮವಾಗಿ ಮೇಲಿರಬೇಕು. 4ಕೆ ತೆಗೆಯುವ ಫೋನ್, ಡ್ರೋನ್, ಆ್ಯಕ್ಷನ್ ಕ್ಯಾಮೆರಾ ಬಹುತೇಕ ಎಲ್ಲಕ್ಕೂ ವಿ30 ಸಾಕು. ವಿ60, ವಿ90 ಕಾರ್ಡುಗಳು ದುಬಾರಿ. ಅವು ಬೇಕಿರುವ ಕ್ಯಾಮೆರಾ ನಿಮ್ಮ ಬಳಿ ಇದ್ದರೆ ಈ ಸಾಲನ್ನು ಓದುವ ಮೊದಲೇ ನಿಮಗದು ಗೊತ್ತಿರುತ್ತದೆ.

ಮುಂದೆ ಯುಎಚ್‌ಎಸ್ ಎಂಬ ಬಸ್ಸಿನ, ಅಂದರೆ ಕಾರ್ಡು ಮತ್ತು ಸಾಧನದ ನಡುವಿನ ಮಾರ್ಗದ ಗುರುತು, ರೋಮನ್ ಅಂಕಿ ಒಂದು ಅಥವಾ ಎರಡು. ಇದು ಮಾಹಿತಿ ಹರಿಯುವ ಕಾಲುವೆಯ ಅಗಲ. ಯುಎಚ್‌ಎಸ್ ಒಂದರ ಮಿತಿ ಸೆಕೆಂಡಿಗೆ 104 ಎಂಬಿ, ಎರಡರದು 312. ಹಾಗಿದ್ದರೆ ರೋಮನ್ ಒಂದರ ಕಾರ್ಡಿನ ಮೇಲೆ 170, 200 ಎಂದೆಲ್ಲ ಅಚ್ಚಾಗಿರುವುದು ಹೇಗೆ? ಅದು ತಯಾರಕರ ಸ್ವಂತ ಉಪಾಯ, ಅದಕ್ಕೆ ಹೊಂದುವ ರೀಡರಿನಲ್ಲಿ ಮಾತ್ರ ಆ ವೇಗ ಸಿಗುತ್ತದೆ. ನಿಮ್ಮ ಕ್ಯಾಮೆರಾದೊಳಗೆ ಆ ಕಾರ್ಡು ನೂರರ ಆಸುಪಾಸಿನಲ್ಲಿಯೇ ಇರುತ್ತದೆ. ಸಂಖ್ಯೆಯ ಹಿಂದೆ "ಅಪ್ ಟು" ಎಂದು ಇರುವೆಯಷ್ಟು ಸಣ್ಣದಾಗಿ ಬರೆದಿರುತ್ತಾರೆ, ಅದನ್ನೂ ಓದಿ. ರೋಮನ್ ಎರಡರ ಕಾರ್ಡನ್ನು ತಿರುಗಿಸಿ ನೋಡಿದರೆ ಚಿನ್ನದ ಬಣ್ಣದ ಪಟ್ಟಿಗಳು ಎರಡು ಸಾಲಿನಲ್ಲಿರುತ್ತವೆ. ನಿಮ್ಮ ಸಾಧನಕ್ಕೆ ಆ ಎರಡನೆಯ ಸಾಲು ತಿಳಿಯದಿದ್ದರೆ ಅದು ಬರೀ ಅಲಂಕಾರ.

ಕೊನೆಯದು ಎ1, ಎ2. ಇದು ವಿಡಿಯೊಗೆ ಸಂಬಂಧಿಸಿದ್ದಲ್ಲ. ಆ್ಯಪ್, ಗೇಮ್, ರಾಸ್ಪ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರ್, ಇವು ಚೂರು ಚೂರು ಮಾಹಿತಿಯನ್ನು ಅಲ್ಲೊಮ್ಮೆ ಇಲ್ಲೊಮ್ಮೆ ಓದಿ ಬರೆಯುತ್ತವೆ. ಎ1 ಕಾರ್ಡು ಸೆಕೆಂಡಿಗೆ ಕನಿಷ್ಠ 1500 ಬಾರಿ ಓದಿ 500 ಬಾರಿ ಬರೆಯಬಲ್ಲದು. ಎ2 ಆದರೆ 4000 ಮತ್ತು 2000. ಆದರೆ ಎ2ರ ಪೂರ್ಣ ಸಾಮರ್ಥ್ಯ ಹೊರಬೀಳಲು ಸಾಧನದ ಸಹಕಾರವೂ ಬೇಕು. ಹಳೆಯ ಫೋನಿನಲ್ಲಿ ವ್ಯತ್ಯಾಸ ನಿಮ್ಮ ಗಮನಕ್ಕೆ ಬಾರದು. ಬರೀ ಫೋಟೊ, ಹಾಡು ಇಡುವವರು ಇದಕ್ಕಾಗಿ ಹೆಚ್ಚು ಕೊಡಬೇಕಿಲ್ಲ.

## ಹಂತ 4: ಬಾಳಿಕೆಯ ಲೆಕ್ಕ

ವೇಗ ಬೇರೆ, ಬಾಳಿಕೆ ಬೇರೆ. ವೇಗದ ಕಾರ್ಡು ಬೇಗ ಸಾಯಬಹುದು, ನಿಧಾನದ ಕಾರ್ಡು ಹತ್ತು ವರ್ಷ ಬಾಳಬಹುದು. ಕಾರ್ಡಿನೊಳಗಿನ ಪ್ರತಿ ಕೋಶವನ್ನು ಇಷ್ಟೇ ಬಾರಿ ಅಳಿಸಿ ಬರೆಯಬಹುದು ಎಂಬ ಮಿತಿ ಇದೆ. ಸ್ಲೇಟಿನ ಹಾಗೆ ಎಂದುಕೊಳ್ಳುತ್ತೇವೆ. ಅದು ಕಾಗದ ಮತ್ತು ರಬ್ಬರಿನ ಹಾಗೆ. ಉಜ್ಜಿದಷ್ಟೂ ತೆಳುವಾಗುತ್ತದೆ.

ಫೋನಿನ ಕಾರ್ಡಿಗೆ ಇದು ತಟ್ಟುವುದು ಕಡಿಮೆ. ಅಲ್ಲಿ ಒಮ್ಮೆ ಬರೆದದ್ದು ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಮನೆಯ ಕ್ಯಾಮೆರಾ, ಕಾರಿನ ಡ್ಯಾಶ್‌ಕ್ಯಾಮ್ ಹಾಗಲ್ಲ. ಅವು ತುಂಬಿದ ಕೂಡಲೇ ಹಳೆಯದನ್ನು ಅಳಿಸಿ ಮೇಲೆ ಬರೆಯುತ್ತ ಸುತ್ತುತ್ತಲೇ ಇರುತ್ತವೆ.

ಒಂದು ಟ್ಯಾಕ್ಸಿಯ ಡ್ಯಾಶ್‌ಕ್ಯಾಮ್ ಅನ್ನೇ ತೆಗೆದುಕೊಳ್ಳಿ. 16 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 2 ಎಂಬಿ, ಗಂಟೆಗೆ 7.2 ಜಿಬಿ. ದಿನಕ್ಕೆ ಹತ್ತು ಗಂಟೆ ಓಡಿದರೆ 72 ಜಿಬಿ. 64 ಜಿಬಿ ಕಾರ್ಡು ದಿನಕ್ಕೊಮ್ಮೆಗಿಂತ ಹೆಚ್ಚು, ವರ್ಷಕ್ಕೆ ಸುಮಾರು 410 ಬಾರಿ ಪೂರ್ತಿ ತುಂಬಿ ಅಳಿಯುತ್ತದೆ. ಅದೇ ಜಾಗದಲ್ಲಿ 256 ಜಿಬಿ ಇದ್ದರೆ ವರ್ಷಕ್ಕೆ ನೂರು ಬಾರಿ. ಕ್ಯಾಮೆರಾಕ್ಕೆ ಜಾಗ ಬೇಕಿಲ್ಲದಿದ್ದರೂ ದೊಡ್ಡ ಕಾರ್ಡನ್ನೇ ಹಾಕಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇಂಥ ಕೆಲಸಕ್ಕೆಂದೇ ಎಂಡ್ಯೂರೆನ್ಸ್ ಎಂದು ಬರೆದ ಕಾರ್ಡುಗಳು ಸಿಗುತ್ತವೆ. ಇವುಗಳ ಬಾಳಿಕೆಯನ್ನು ತಯಾರಕರು ಗಂಟೆಗಳಲ್ಲಿ ಹೇಳುತ್ತಾರೆ. ಸ್ಯಾಮ್‌ಸಂಗ್ ಪ್ರೊ ಎಂಡ್ಯೂರೆನ್ಸ್‌ನ 64 ಜಿಬಿಗೆ 35,040 ಗಂಟೆ, 128ಕ್ಕೆ 70,080, 256ಕ್ಕೆ 1,40,160. ಸಾಮರ್ಥ್ಯ ದುಪ್ಪಟ್ಟಾದಂತೆ ಗಂಟೆಯೂ ದುಪ್ಪಟ್ಟು. ಆದರೆ ಅಡಿಟಿಪ್ಪಣಿ ನೋಡಿ: ಇದು 26 ಎಂಬಿಪಿಎಸ್ ಫುಲ್ ಎಚ್‌ಡಿಯ ಲೆಕ್ಕ. 100 ಎಂಬಿಪಿಎಸ್‌ನ 4ಕೆಗೆ ಹಾಕಿದರೆ ಗಂಟೆಗಳು ಕಾಲುಭಾಗಕ್ಕೆ ಇಳಿಯುತ್ತವೆ. ಗಂಟೆಯನ್ನು ಜಿಬಿಗೆ ಬದಲಿಸಿ ನಾನೇ ಲೆಕ್ಕ ಹಾಕಿದಾಗ ಕಾರ್ಡು ಸುಮಾರು 6,400 ಬಾರಿ ತುಂಬಿ ಅಳಿಯಬಲ್ಲದು ಎಂದು ಬಂತು. ತಯಾರಕರ ಮಾತನ್ನು ಅರ್ಧ ನಂಬಿದರೂ ಮೇಲಿನ ಟ್ಯಾಕ್ಸಿಗೆ ಅದು ಧಾರಾಳ.

ಇನ್ನೊಂದು ಕಹಿ ಸತ್ಯ ವಾರಂಟಿ ಪತ್ರದಲ್ಲಿ ಅಡಗಿರುತ್ತದೆ. ಅನೇಕ ಸಾಮಾನ್ಯ ಕಾರ್ಡುಗಳ ವಾರಂಟಿ, ಸತತ ಚಿತ್ರೀಕರಣ ಮಾಡುವ ಡ್ಯಾಶ್‌ಕ್ಯಾಮ್ ಮತ್ತು ಕಾವಲು ಕ್ಯಾಮೆರಾಗಳನ್ನು ಹೊರಗಿಟ್ಟಿರುತ್ತದೆ. "ಹತ್ತು ವರ್ಷ ವಾರಂಟಿ" ಎಂದು ನೋಡಿ ಅದನ್ನು ಗೇಟಿನ ಕ್ಯಾಮೆರಾಕ್ಕೆ ಹಾಕಿದವರಿಗೆ ಆ ಹತ್ತು ವರ್ಷ ಅನ್ವಯಿಸದು.

ಬಿಸಿಯ ಮಾತೂ ಇಲ್ಲೇ ಆಗಲಿ. ಕಾರ್ಡುಗಳು ಸಾಮಾನ್ಯವಾಗಿ 85 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡುವಂತೆ ತಯಾರಾಗಿರುತ್ತವೆ. ಅಷ್ಟು ಸಾಲದೇ ಎನ್ನಬಹುದು. ಏಪ್ರಿಲ್ ಬಿಸಿಲಿನ ರಾಯಚೂರಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಮುಂಗಾಜಿಗೆ ಅಂಟಿದ ಕ್ಯಾಮೆರಾ, ಅದರೊಳಗೆ ತನ್ನದೇ ಬಿಸಿ, ಅದರೊಳಗೆ ಕಾರ್ಡು. ಉಳಿಯುವ ಅಂತರ ಹೆಚ್ಚಿಲ್ಲ. ನಿಲ್ಲಿಸಿದಾಗಲೂ ಚಿತ್ರೀಕರಿಸುವ ಆಯ್ಕೆಯನ್ನು ಬೇಸಿಗೆಯ ಹಗಲಿನಲ್ಲಿ ಆರಿಸಿಬಿಡಿ.

## ಹಂತ 5: ಕೊಳ್ಳುವಾಗ

ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ ಆನ್‌ಲೈನ್ ಆಗಲಿ, ನಿಯಮ ಒಂದೇ: ಬಿಲ್ ಮತ್ತು ಹಿಂತಿರುಗಿಸುವ ಅವಕಾಶ ಎರಡೂ ಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಮುಂದಿನ ಅಂಗಡಿಗೆ ಹೋಗಿ. ಆನ್‌ಲೈನ್‌ನಲ್ಲಿ ತಾಣದ ಹೆಸರನ್ನಲ್ಲ, ಮಾರುವವರ ಹೆಸರನ್ನು ನೋಡಿ. ಒಂದೇ ಪುಟದಲ್ಲಿ ಹತ್ತು ಮಾರಾಟಗಾರರು ಇರುತ್ತಾರೆ, ಅತಿ ಕಡಿಮೆ ಬೆಲೆಯವರು ಮೊದಲು ಕಾಣುತ್ತಾರೆ.

ಪ್ಯಾಕೆಟ್ಟಿನ ಹಿಂಭಾಗದಲ್ಲಿ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ದೇಶ, ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ ಇರಬೇಕು. 2011ರ ಕಾನೂನು ಮಾಪನ ನಿಯಮಗಳು ಇದನ್ನು ಕಡ್ಡಾಯ ಮಾಡಿವೆ. ನಕಲಿ ಮಾಡುವವರು ಇದನ್ನೂ ಅಚ್ಚು ಹಾಕಬಲ್ಲರು, ಆದ್ದರಿಂದ ಇದ್ದರೆ ಅಸಲಿ ಎನ್ನಲಾಗದು. ಇಲ್ಲದಿದ್ದರೆ ಮಾತ್ರ ಬಿಟ್ಟು ನಡೆಯಿರಿ.

ಅದೇ ಹೆಸರಿನ 128 ಜಿಬಿಗಿಂತ 512 ಜಿಬಿ ಅಗ್ಗಕ್ಕೆ ಸಿಕ್ಕಿದರೆ ಅದು ನಿಮ್ಮ ಅದೃಷ್ಟವಲ್ಲ. ಎಸ್‌ಡಿಎಕ್ಸ್‌ಸಿ ಎಂದು ಬರೆದು 4 ಟಿಬಿ, 16 ಟಿಬಿ ಎಂದರೆ ಪರೀಕ್ಷಿಸುವ ಕಷ್ಟವೂ ಬೇಡ, ಆ ಕುಲದ ಮಿತಿಯೇ 2 ಟಿಬಿ. ಹೆಸರೇ ಕೇಳಿರದ ಕಂಪನಿಯ ದೊಡ್ಡ ಕಾರ್ಡಿಗಿಂತ ಗೊತ್ತಿರುವ ಕಂಪನಿಯ ಸಣ್ಣ ಕಾರ್ಡು ಮೇಲು, ಇದರಲ್ಲಿ ನನಗೆ ಎರಡು ಮಾತಿಲ್ಲ.

## ಹಂತ 6: ಬಳಸುವ ಮುನ್ನ ಪೂರ್ತಿ ತುಂಬಿಸಿ ನೋಡಿ

ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ಫೋನಿಗೆ ಹಾಕಿದೆ, 256 ಜಿಬಿ ಎಂದು ತೋರಿಸಿತು, ಸರಿ ಇದೆ ಎನ್ನುತ್ತಾರೆ. ನಕಲಿ ಕಾರ್ಡು ಸುಳ್ಳು ಹೇಳುವುದೇ ಅಲ್ಲಿ. ಒಳಗಿನ ನಿಯಂತ್ರಕ ಚಿಪ್‌ಗೆ ಹಾಗೆಂದು ಹೇಳಿಕೊಟ್ಟಿರುತ್ತಾರೆ. ಅಸಲಿ ಜಾಗ ಮುಗಿದ ಮೇಲೂ ಅದು ಬೇಡ ಎನ್ನುವುದಿಲ್ಲ, ಕೊಟ್ಟದ್ದನ್ನೆಲ್ಲ ಗಾಳಿಗೆ ತೂರುತ್ತದೆ. ಫೈಲಿನ ಹೆಸರು ಕಾಣುತ್ತದೆ, ಒಳಗೆ ಏನೂ ಇಲ್ಲ. ಇದನ್ನು ಹಿಡಿಯಲು ಇರುವ ದಾರಿ, ಕಾರ್ಡಿನ ಕೊನೆಯವರೆಗೂ ಬರೆದು ಮತ್ತೆ ಎಲ್ಲವನ್ನೂ ಓದಿ ತಾಳೆ ನೋಡುವುದು.

ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ತೆರೆದು, ಕಾರ್ಡಿನ ಡ್ರೈವ್ ಆರಿಸಿ, ಲಭ್ಯವಿರುವ ಎಲ್ಲ ಜಾಗ ಎಂಬುದನ್ನು ಗುರುತು ಮಾಡಿ, ಬರೆದು ಪರಿಶೀಲಿಸುವ ಗುಂಡಿ ಒತ್ತಿ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಮೊದಲು ಎಫ್3ರೈಟ್, ಅದು ಮುಗಿದ ಮೇಲೆ ಎಫ್3ರೀಡ್. ಎರಡೂ ಒಂದೊಂದು ಜಿಬಿಯ ಫೈಲುಗಳನ್ನು ಸೃಷ್ಟಿಸುತ್ತವೆ. ಡ್ರೈವ್ ಆರಿಸುವಾಗ ಅಕ್ಷರವನ್ನು ಎರಡು ಬಾರಿ ನೋಡಿಕೊಳ್ಳಿ. ಕಾರ್ಡು ಖಾಲಿ ಇರಲಿ.

ಸಮಯ ಹಿಡಿಯುತ್ತದೆ. 128 ಜಿಬಿಯನ್ನು ಸೆಕೆಂಡಿಗೆ 30 ಎಂಬಿಯಂತೆ ಬರೆಯಲು ಒಂದು ಗಂಟೆ ಹನ್ನೊಂದು ನಿಮಿಷ, 80ರಂತೆ ಓದಲು ಇನ್ನು ಇಪ್ಪತ್ತೇಳು ನಿಮಿಷ. ಹಚ್ಚಿಬಿಟ್ಟು ಬೇರೆ ಕೆಲಸ ನೋಡಿ.

ಪಕ್ಕದ ಮನೆಯ ಹುಡುಗ ಜಾತ್ರೆಯಲ್ಲಿ ಕೊಂಡ 256 ಜಿಬಿ ಕಾರ್ಡನ್ನು ಹೀಗೇ ಪರೀಕ್ಷಿಸಿದೆ. ರಾತ್ರಿ ಊಟವಾದ ಮೇಲೆ ಎಫ್3ರೈಟ್ ಹಚ್ಚಿ ಮಲಗಿದೆ. ಬೆಳಗ್ಗೆ ಎದ್ದಾಗ ಬರೆಯುವುದು ಮುಗಿದಿತ್ತು, ಒಂದೇ ಒಂದು ದೂರಿಲ್ಲ. ಹುಡುಗನಿಗೆ ಗೆದ್ದ ಖುಷಿ. ಎಫ್3ರೀಡ್ ಹಚ್ಚಿದೆ. ಮೊದಲನೆಯ ಫೈಲು: ಸರಿ ಎಂಬ ಕಾಲಮ್ಮಿನಲ್ಲಿ 20,97,152, ಕೆಟ್ಟಿದೆ ಎಂಬಲ್ಲಿ ಸೊನ್ನೆ. ಒಂದು ಜಿಬಿಯಲ್ಲಿರುವ ತುಣುಕುಗಳ ಪೂರ್ಣ ಸಂಖ್ಯೆ ಅದು. ಎರಡನೆಯದು ಹಾಗೆಯೇ, ಮೂರನೆಯದು ಹಾಗೆಯೇ. ಹದಿನಾಲ್ಕರವರೆಗೆ ಒಂದೂ ತಪ್ಪಲಿಲ್ಲ. ಹದಿನೈದನೆಯ ಸಾಲಿನಲ್ಲಿ ಅದೇ ಸಂಖ್ಯೆ ಕೆಟ್ಟಿದೆ ಎಂಬ ಕಾಲಮ್ಮಿಗೆ ಜಿಗಿಯಿತು, ಸರಿ ಎಂಬಲ್ಲಿ ಸೊನ್ನೆ. ಆಮೇಲೆ ಪರದೆಯ ತುದಿಯವರೆಗೂ ಅದೇ ಸೊನ್ನೆ. 256ರ ಬೆಲೆಗೆ 16ರ ಕಾರ್ಡು. ಜಾತ್ರೆಯ ಅಂಗಡಿ ಅಷ್ಟರಲ್ಲಿ ಬೇರೆ ಊರಿಗೆ ಹೋಗಿತ್ತು.

ಅಸಲಿ ಕಾರ್ಡಿನಲ್ಲೂ ಬರೆಯುವ ವೇಗದ ಮೇಲೆ ಕಣ್ಣಿಡಿ. ಮೊದಲ ಕೆಲವು ಜಿಬಿ 70ರಲ್ಲಿ ಓಡಿ ಆಮೇಲೆ 25ಕ್ಕೆ ಇಳಿಯಬಹುದು. ಒಳಗಿನ ವೇಗದ ತಾತ್ಕಾಲಿಕ ಜಾಗ ತುಂಬಿತು ಎಂದರ್ಥ. ಇಳಿದ ಮೇಲಿನ ಸಂಖ್ಯೆಯೇ ನಿಮ್ಮ ಕಾರ್ಡಿನ ನಿಜವಾದ ವೇಗ. ವೇಗದ ದರ್ಜೆಯ ಭರವಸೆ ಕ್ಯಾಮೆರಾ ಬರೆಯುವ ಕ್ರಮಕ್ಕೆ ಸಂಬಂಧಿಸಿದ್ದು, ಹೀಗಾಗಿ ವಿ30 ಕಾರ್ಡು ಕಂಪ್ಯೂಟರಿನಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ 30ರ ಕೆಳಗೆ ಇಣುಕಿದರೆ ಜಗಳ ಬೇಡ. ಹತ್ತಾರು ನಿಮಿಷ 15ರಲ್ಲೇ ಕೂತರೆ ರೀಡರ್ ಬದಲಿಸಿ ಇನ್ನೊಮ್ಮೆ ನೋಡಿ. ಮತ್ತೂ ಹಾಗೆಯೇ ಇದ್ದರೆ ಅವಧಿ ಮುಗಿಯುವುದರೊಳಗೆ ಹಿಂತಿರುಗಿಸಿ.

## ಹಂತ 7: ಫಾರ್ಮ್ಯಾಟ್ ಮಾಡಬೇಕಾದದ್ದು ಸಾಧನದೊಳಗೆ

ಪರೀಕ್ಷೆ ಮುಗಿದ ಮೇಲೆ ಕಾರ್ಡನ್ನು ಬಳಸುವ ಸಾಧನದೊಳಗೇ ಹಾಕಿ ಅಲ್ಲಿಯೇ ಫಾರ್ಮ್ಯಾಟ್ ಮಾಡಿ. ಕಂಪ್ಯೂಟರಿನಲ್ಲೇ ಮಾಡಬೇಕಾಗಿ ಬಂದರೆ ಈ ಕಾರ್ಡುಗಳ ಮಾನದಂಡ ರೂಪಿಸುವ ಎಸ್‌ಡಿ ಅಸೋಸಿಯೇಷನ್ ಉಚಿತವಾಗಿ ಕೊಡುವ ಎಸ್‌ಡಿ ಕಾರ್ಡ್ ಫಾರ್ಮ್ಯಾಟರ್ ಬಳಸಿ.

ಆಂಡ್ರಾಯ್ಡ್ ಫೋನುಗಳಲ್ಲಿ ಒಂದು ಬಲೆ ಇದೆ. ಕಾರ್ಡನ್ನು ಆಂತರಿಕ ಸಂಗ್ರಹವಾಗಿ ಬಳಸುವಿರಾ ಎಂದು ಕೆಲವು ಫೋನುಗಳು ಕೇಳುತ್ತವೆ; ಆಂಡ್ರಾಯ್ಡ್ 6ರಿಂದ ಈ ಸೌಲಭ್ಯ ಬಂತು. ಹೌದು ಎಂದರೆ ಕಾರ್ಡು ಗೂಢಲಿಪಿಯಲ್ಲಿ ಆ ಫೋನಿಗೆ ಮಾತ್ರ ಅಂಟಿಕೊಳ್ಳುತ್ತದೆ. ಫೋನ್ ನೀರಿಗೆ ಬಿದ್ದರೆ ಕಾರ್ಡು ಚೆನ್ನಾಗಿದ್ದರೂ ಒಳಗಿನದನ್ನು ಬೇರೆ ಯಾವುದೂ ಓದಲಾರದು. ಫೋಟೊಗಳಿಗಾಗಿ ಕಾರ್ಡು ಕೊಂಡವರು ಪೋರ್ಟಬಲ್ ಎಂಬುದನ್ನೇ ಆರಿಸಿ.

## ಹಂತ 8: ದಿನಬಳಕೆ

ಮಾರ್ಕರ್ ಪೆನ್ನು ಈಗ ತೆಗೆಯಿರಿ. ಕಾರ್ಡಿನ ಡಬ್ಬಿಯ ಮೇಲೆ ಕೊಂಡ ತಿಂಗಳು, ಯಾವ ಸಾಧನ ಎಂದು ಬರೆಯಿರಿ. ಕ್ಯಾಮೆರಾದ ಕಾರ್ಡು ಕ್ಯಾಮೆರಾದಲ್ಲೇ, ಡ್ಯಾಶ್‌ಕ್ಯಾಮ್‌ನದು ಅಲ್ಲೇ ಇರಲಿ. ಕಾವಲು ಕ್ಯಾಮೆರಾದಲ್ಲಿ ಎರಡು ವರ್ಷ ದುಡಿದ ಕಾರ್ಡನ್ನು ಮಗಳ ಮದುವೆಯ ಚಿತ್ರಗಳಿಗೆ ಬಳಸಬೇಡಿ.

ಕೆಂಪು ದೀಪ ಮಿನುಗುತ್ತಿರುವಾಗ ಕಾರ್ಡು ಎಳೆಯಬೇಡಿ. ಚಿತ್ರಗಳನ್ನು ಕಂಪ್ಯೂಟರಿಗೆ ನಕಲು ಮಾಡಿ, ತೆರೆದು ನೋಡಿ, ಆಮೇಲೆ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ. ಮದುವೆ, ಉಪನಯನದಂಥ ಮತ್ತೆ ಬಾರದ ಸಂದರ್ಭಗಳಿಗೆ ಒಂದು 256ರ ಬದಲು ಎರಡು 128 ಒಯ್ಯಿರಿ. ಮುಹೂರ್ತಕ್ಕೆ ಒಂದು, ಊಟದ ಪಂಕ್ತಿಗೆ ಇನ್ನೊಂದು. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ದೊಡ್ಡ ಅಡಾಪ್ಟರಿನಲ್ಲಿ ಹಾಕಿದ ಕಾರ್ಡು ಬರೆಯಲು ಬಿಡುತ್ತಿಲ್ಲ ಎಂದರೆ ಅಡಾಪ್ಟರಿನ ಪಕ್ಕದ ಸಣ್ಣ ಚಿಲಕ ಕೆಳಗೆ ಜಾರಿದೆಯೇ ನೋಡಿ. ಎಷ್ಟೋ ಬಾರಿ ಇಡೀ ಕಾಯಿಲೆ ಅಷ್ಟೇ. ಇನ್ನು ಕಾರ್ಡನ್ನು ಬೀರುವಿನಲ್ಲಿಟ್ಟು ಆಲ್ಬಮ್ ಎಂದುಕೊಳ್ಳಬೇಡಿ. ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿದ್ದ ಕಾರ್ಡಿನಿಂದ, ಮಾಹಿತಿಯನ್ನು ಹಿಡಿದಿಟ್ಟ ವಿದ್ಯುದಂಶ ನಿಧಾನಕ್ಕೆ ಸೋರಿ ಹೋಗುತ್ತದೆ.

## ಹಂತ 9: ಸೂಚನೆ ಕಂಡ ಕೂಡಲೇ

ಕಾರ್ಡು ಹೇಳದೆ ಸಾಯುವುದೂ ಉಂಟು. ಆದರೆ ಬಹಳ ಸಲ ಮೊದಲೇ ಕೆಮ್ಮುತ್ತದೆ. ಎರಡು ಮೂರು ಬಾರಿ ತೆಗೆದು ಹಾಕಿದರೆ ಮಾತ್ರ ಗುರುತಿಸುವುದು, ಫೋಟೊದ ಕೆಳಭಾಗ ಬೂದಿ ಬಣ್ಣವಾಗುವುದು, ಸೊನ್ನೆ ಗಾತ್ರದ ಫೈಲುಗಳು, ಕಾವಲು ಕ್ಯಾಮೆರಾದ ದಾಖಲೆಯಲ್ಲಿ ಮಧ್ಯೆ ಮಧ್ಯೆ ನಿಮಿಷಗಳು ಮಾಯವಾಗುವುದು. ಈ ಕೊನೆಯದನ್ನು ಹಿಡಿಯಲು ತಿಂಗಳಿಗೊಮ್ಮೆ ಯಾವುದಾದರೂ ಒಂದು ರಾತ್ರಿಯ ದೃಶ್ಯವನ್ನು ತೆರೆದು ನೋಡಿ. ಕ್ಯಾಮೆರಾದ ಹಸಿರು ದೀಪ ಉರಿಯುತ್ತಿದೆ ಎಂದರೆ ದಾಖಲಾಗುತ್ತಿದೆ ಎಂದಲ್ಲ.

ಒಂದು ವಿಚಿತ್ರ ಲಕ್ಷಣ ಜನರನ್ನು ದಿಕ್ಕು ತಪ್ಪಿಸುತ್ತದೆ. ಫೈಲುಗಳನ್ನು ಅಳಿಸುತ್ತೀರಿ, ಫಾರ್ಮ್ಯಾಟ್ ಆಯಿತು ಎಂದೂ ಬರುತ್ತದೆ, ಕಾರ್ಡು ತೆಗೆದು ಹಾಕಿದರೆ ಹಳೆಯದೆಲ್ಲ ಅಲ್ಲೇ ಕೂತಿರುತ್ತದೆ. ಅದು ವೈರಸ್ ಅಲ್ಲ. ಕೆಟ್ಟ ಕೋಶಗಳ ಬದಲಿಗೆಂದು ಇಟ್ಟಿದ್ದ ಹೆಚ್ಚುವರಿ ಕೋಶಗಳು ಮುಗಿದು ನಿಯಂತ್ರಕ ತನ್ನನ್ನು ಓದಲು ಮಾತ್ರ ಎಂಬ ಸ್ಥಿತಿಗೆ ತಂದುಕೊಂಡಿದೆ. ಒಳಗಿರುವುದನ್ನು ನಕಲು ಮಾಡಿಕೊಳ್ಳಿ, ರಿಪೇರಿಗೆ ಅಲೆಯಬೇಡಿ.

ಉಳಿದ ಸಂದರ್ಭಗಳಲ್ಲಿ ಮೊದಲ ಕೆಲಸ, ಬರೆಯುವುದನ್ನು ನಿಲ್ಲಿಸುವುದು. "ಫಾರ್ಮ್ಯಾಟ್ ಮಾಡಬೇಕೇ?" ಎಂದು ಫೋನ್ ಕೇಳಿದರೆ ಬೇಡ ಎನ್ನಿ. ಕಾರ್ಡು ಹೊರತೆಗೆದು ರೀಡರಿನ ಮೂಲಕ ಕಂಪ್ಯೂಟರಿಗೆ ಹಾಕಿ, ತೆರೆಯುವುದನ್ನೆಲ್ಲ ಮೊದಲು ನಕಲು ಮಾಡಿ. ತೆರೆಯದೆ ಉಳಿದವಕ್ಕೆ ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಓಡಿಸಿ. ಸಿಕ್ಕಿದ್ದನ್ನು ಕಂಪ್ಯೂಟರಿನ ಡಿಸ್ಕಿಗೆ ಉಳಿಸಿ, ಮರೆತೂ ಅದೇ ಕಾರ್ಡಿಗಲ್ಲ. ಫೈಲುಗಳ ಹೆಸರು ಕಳೆದುಹೋಗಿರುತ್ತದೆ, ಚಿತ್ರ ಇರುತ್ತದೆ. ನಕಲಿ ಕಾರ್ಡಿನಲ್ಲಿ ಎಂದೂ ಬರೆಯದೇ ಹೋದದ್ದನ್ನು ಮಾತ್ರ ಯಾವ ತಂತ್ರಾಂಶವೂ ತರಲಾರದು.

ಸತ್ತ ಕಾರ್ಡನ್ನು ವಾರಂಟಿಗೆ ಕಳಿಸುವ ಮುನ್ನ ಒಂದು ಯೋಚನೆ ಮಾಡಿ. ಓದಲು ಮಾತ್ರ ಎಂಬ ಸ್ಥಿತಿಗೆ ಹೋದ ಕಾರ್ಡಿನಿಂದ ನೀವು ಏನನ್ನೂ ಅಳಿಸಲಾರಿರಿ. ಮನೆಯೊಳಗಿನ ದೃಶ್ಯ, ಗುರುತಿನ ಚೀಟಿಯ ಫೋಟೊ ಎಲ್ಲ ಹಾಗೇ ಅಂಚೆಯಲ್ಲಿ ಹೋಗುತ್ತದೆ. ಒಳಗೆ ಅಂಥದ್ದಿದ್ದರೆ ಬದಲಿ ಕಾರ್ಡಿನ ಆಸೆ ಬಿಟ್ಟು, ಚಿನ್ನದ ಪಟ್ಟಿಗೆ ಅಡ್ಡಲಾಗಿ ಇಕ್ಕಳದಲ್ಲಿ ಹಿಡಿದು ಮುರಿಯಿರಿ, ತುಂಡುಗಳನ್ನು ಇ-ತ್ಯಾಜ್ಯದ ಡಬ್ಬಿಗೆ ಹಾಕಿ.